ಒಲೆ ಪಕ್ಕದ ಟೇಬಲಿನ ಮುದುಕಿ

ಫೆಬ್ರವರಿ 12, 1996. ಸೋಮವಾರ

ಇವತ್ತೂ ನೋರೀನಳ ಹೋಟೆಲಿನಲ್ಲೇ ಊಟ. ಬೇಕನ್, ಎಲೆಕೋಸು, ಹಿಸುಕಿದ ಆಲೂಗಡ್ಡೆ, ಮೇಲೆ ಬಿಳಿ ಸಾಸು. ಅರ್ಧ ತಿಂದೆ. ಇನ್ನರ್ಧ ನೋಡುತ್ತಾ ಕೂತೆ. ನೆಸ್ಸಾ ಮಲಗಿದ್ದಳು. ಹೋಗುವುದೇ ಅದಕ್ಕೆ. ಮನೆಯಲ್ಲಿ ಚಮಚ ಇಟ್ಟ ಸದ್ದಿಗೆ ಬೆಚ್ಚಿ ಏಳುವ ಮಗು, ಅಲ್ಲಿ ತಟ್ಟೆಗಳ ಗಲಗಲ, ದನದ ವ್ಯಾಪಾರಿಗಳ ನಗು, ಅಡುಗೆಮನೆಯಿಂದ ನೋರೀನಳ ಗಂಡ ಕ್ಲಿಫರ್ಡ್‌ನ ಕೂಗಾಟ... ಇಷ್ಟೆಲ್ಲದರ ನಡುವೆ ಬಾಯಿ ತೆರೆದುಕೊಂಡು ಮಲಗುತ್ತದೆ. ಯಾಕೋ. ನನಗಂತೂ ಉಸಿರು ಬಿಡಲು ಸ್ವಲ್ಪ ಹೊತ್ತು.

ಫಿಂಟನ್ ನಸುಕಿಗೇ ಹಾಲಿನ ಲಾರಿ ಹತ್ತುತ್ತಾನೆ. ಹೋಗುವ ಮುಂಚೆ ದಿನಾ ಒಂದೇ ಮಾತು. "ಮಧ್ಯಾಹ್ನ ನೋರೀನ್ ಹತ್ರ ಹೋಗಿ ಬಿಸಿಯಾಗಿ ಏನಾದ್ರೂ ತಿನ್ನು ಮಾರಾಯ್ತಿ. ನಿನ್ನ ಮುಖ ನೋಡಿದ್ರೆ ನಂಗೇ ಹೆದರಿಕೆ ಆಗತ್ತೆ." ಹೆದರಲಿ. ಮಲಗಿ ಗೊರಕೆ ಹೊಡೆಯುವ ಗಂಡ ಅಷ್ಟಾದರೂ ಹೆದರಲಿ.

ಮಗುವಿನ ಗಾಡಿ ಹಿಡಿಸುವುದು ಚಳಿಗೆ ಉರಿಸುವ ಒಲೆ ಪಕ್ಕದ ಟೇಬಲಿಗೆ ಮಾತ್ರ. ಅಲ್ಲಿ ಒಬ್ಬ ಮುದುಕಿ ದಿನಾ ಕೂರುತ್ತಾಳೆ. ಬೂದು ಕೋಟು, ಗುಂಡಿ ಕತ್ತಿನವರೆಗೂ. ಏನು ಬೇಕು ಅಂತ ನೋರೀನ್ ಅವಳನ್ನು ಕೇಳುವುದೇ ಇಲ್ಲ, ತಂದಿಡುತ್ತಾಳೆ. ಹೋದ ವಾರವೆಲ್ಲ ಎದುರುಬದುರು ಕೂತರೂ ಮಾತಿಲ್ಲ. ಇವತ್ತು ಗಾಡಿಯೊಳಗೆ ಬಗ್ಗಿ ನೋಡಿದಳು. ತುಂಬಾ ಹೊತ್ತು ನೋಡಿದಳು.

"ಎಷ್ಟು ಚೆಂದದ ಮಗು," ಅಂದಳು.

ಮುಂದಿನ ಮಾತಿಗೆ ಕಾದೆ. ಬರಲಿಲ್ಲ.

ಈ ದೇಶದಲ್ಲಿ ಅದು ಬರದೇ ಇರುವುದನ್ನು ನಾನು ಇದುವರೆಗೆ ಕಂಡಿಲ್ಲ. ಬಸ್ಸಿನ ಡ್ರೈವರ್, ಆಸ್ಪತ್ರೆಯ ನರ್ಸು, ಪೆಟ್ರೋಲ್ ಹಾಕುವವನು... ಯಾರೇ ಆಗಲಿ, ಚೆಂದದ ಮಗು ಅಂದ ಉಸಿರಿನಲ್ಲೇ 'ದೇವರು ಚೆನ್ನಾಗಿಟ್ಟಿರಲಿ' ಅನ್ನುತ್ತಾರೆ. ಎರಡೂ ಸೇರಿ ಒಂದೇ ಮಾತು ಅನ್ನುವ ಹಾಗೆ. ಇವಳು ಅರ್ಧಕ್ಕೇ ನಿಲ್ಲಿಸಿದಳು. ನಿಲ್ಲಿಸಿ ಕೇಳಿದಳು.

"ನೀರು ಹಾಕಿಸಿದ್ರಾ ಮಗೂಗೆ?"

"ಜ್ಞಾನಸ್ನಾನ ಈಸ್ಟರ್‌ಗೆ. ಇವ್ರ ಅಣ್ಣ ಇಂಗ್ಲೆಂಡಿಂದ ಬರ್ಬೇಕು."

"ಈಸ್ಟರ್‌ಗಾ..." ಅಂದು ಗಾಡಿಯ ಅಂಚಿನಿಂದ ಕೈ ತೆಗೆದಳು.

ಇವಳಿಗೇಕೆ ಅದು?

ಫೆಬ್ರವರಿ 14, ಬುಧವಾರ

ಕ್ಲೇರ್ ಜಿಲ್ಲೆಯ ನನ್ನ ಅಜ್ಜಿ ಇದ್ದಿದ್ದರೆ ಆ ಮುದುಕಿಯನ್ನು ಬಾಗಿಲು ದಾಟಲು ಬಿಡುತ್ತಿರಲಿಲ್ಲ. ದೇವರ ಹೆಸರು ಹೇಳದೆ ಮಗುವನ್ನು ಹೊಗಳಿದವರ ದೃಷ್ಟಿ ತಾಗುತ್ತದೆ ಅಂತ ಅವಳ ನಂಬಿಕೆ. ನೀರು ಬೀಳದ ಮಗುವಾದರೆ ಕೇಳುವುದೇ ಬೇಡ. ಯಾರೋ ಪಾತ್ರೆ ಮಾರುವವನು ನನ್ನ ತಮ್ಮನನ್ನು ಹೊಗಳಿ ಹೊರಟುಬಿಟ್ಟಾಗ ಅಜ್ಜಿ ಏಪ್ರನ್ನಿನಲ್ಲೇ ರಸ್ತೆಗೆ ಓಡಿ ಅವನನ್ನು ಎಳೆದು ತಂದಿದ್ದಳು. ಆ ಮಾತು ಹೇಳಿಸಿ, ಟೀ ಕುಡಿಸಿ ಕಳಿಸಿದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ನಾನು ಮೈಕ್ರೋಬಯಾಲಜಿ ಓದಿದವಳು. ಡಬ್ಲಿನ್ನಿನ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ದೃಷ್ಟಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ತೋರಿಸಿ, ಒಪ್ಪುತ್ತೇನೆ.

ಆದರೂ ಇವತ್ತು ಪರೀಕ್ಷೆ ಮಾಡಿದೆ. ಮುದುಕಿ ಮತ್ತೆ ಬಗ್ಗಿದಳು. "ಇವತ್ತು ಇನ್ನೂ ಚೆಂದ ಕಾಣ್ತಾಳೆ." ನಾನು ನಗುತ್ತಾ ದಾರಿ ಮಾಡಿಕೊಟ್ಟೆ. "ಹೂಂ, ದೇವರು ಚೆನ್ನಾಗಿಟ್ಟಿರ್ಲಿ ಅಂತ ಎಲ್ಲರೂ ಹೇಳ್ತಾರೆ."

ತಟ್ಟೆಯ ಮೇಲೆ ಕಣ್ಣಿಟ್ಟು ಅಂದಳು. "ಹೇಳ್ತಾರೆ."

ಅಷ್ಟೇ. ಆಮೇಲೆ ಕ್ಯಾರೆಟ್ಟನ್ನು ಸಣ್ಣಸಣ್ಣದಾಗಿ ಕತ್ತರಿಸುತ್ತಾ ಕೂತಳು. ತಿನ್ನಲಿಲ್ಲ.

ಬೇಕಂತಲೇ. ಗೊತ್ತಿದ್ದೇ ಹೇಳುತ್ತಿಲ್ಲ.

ಬಿಲ್ ಕೊಡುವಾಗ ಕ್ಲಿಫರ್ಡ್ ಅಡುಗೆಮನೆಯ ಕಿಂಡಿಯಿಂದ ತಲೆ ಹಾಕಿದ. "ಚಿನ್ನ, ನಾಳೆ ಯಾರ್ಕ್‌ಶೈರ್ ಪುಡ್ಡಿಂಗ್ ಮಾಡ್ತೀನಿ, ನಿಂಗೆ ಅಂತ್ಲೇ ಎರಡು ಎತ್ತಿಡ್ತೀನಿ."

ನೋರೀನ್ ಬಿಡುತ್ತಾಳೆಯೇ? "ಬಾಣಂತಿ ಕಣೋ ಅವ್ಳು. ನಿನ್ ಗಾಳಿ ತುಂಬಿದ ರೊಟ್ಟಿ ತಿಂದ್ರೆ ಯಾವ ಹಾಲು ಬರತ್ತೆ?"

"ನಮ್ಮೂರಿನ ಆ ಗಾಳೀನೇ ತಿಂದ್ಕೊಂಡು ನೀನು ಇಷ್ಟು ದುಂಡಗಾಗಿದ್ದು."

ವ್ಯಾಪಾರಿಗಳೆಲ್ಲ ನಕ್ಕರು. ಮುದುಕಿಯೂ ನಕ್ಕಳು. ನಗುವಾಗ ಚೆನ್ನಾಗಿಯೇ ಕಾಣುತ್ತಾಳೆ. ಅದೇ ಇನ್ನೂ ಹೆದರಿಕೆ.

ಫೆಬ್ರವರಿ 16, ಶುಕ್ರವಾರ

ನೆಸ್ಸಾಳ ಮೈ ಬಿಸಿ. ಹಾಲು ಕುಡಿಯುತ್ತಿಲ್ಲ. ಬಾಯಿ ಹಚ್ಚುತ್ತಾಳೆ, ಬಿಡುತ್ತಾಳೆ, ಚೀರುತ್ತಾಳೆ. ಡಾಕ್ಟರ್ ನೋಡಿ "ಗಂಟಲು ಸ್ವಲ್ಪ ಕೆಂಪಾಗಿದೆ ಅಷ್ಟೇ. ಹೋಟೆಲಿಗೆಲ್ಲ ಕರ್ಕೊಂಡು ಹೋಗ್ತೀರಲ್ಲ, ಯಾರಿಂದಾದ್ರೂ ಬಂದಿರತ್ತೆ," ಅಂದರು.

ಯಾರಿಂದಾದರೂ.

ಫೆಬ್ರವರಿ 17, ಬೆಳಗಿನ ಜಾವ

ನಿದ್ದೆ ಇಲ್ಲ. ಯಾರೋ ಕೆಮ್ಮಿದ ಕೈಯಲ್ಲಿ ಗಾಡಿ ಮುಟ್ಟಿದ್ದಾರೆ, ವೈರಸ್ ಬಂದಿದೆ. ಇದು ನನಗೆ ಗೊತ್ತು. ಗೊತ್ತಿರುವುದು ಹಗಲಿಗೆ ಸಾಕು.

ಫೆಬ್ರವರಿ 21, ಬೂದಿ ಬುಧವಾರ

ಜ್ವರ ಇಳಿದಿತ್ತು, ಹೋದೆ. ಈಸ್ಟರ್ ಮುಂಚಿನ ತಪಸ್ಸು ಕಾಲದ ಮೊದಲ ದಿನ, ಇವತ್ತು ಮಾಂಸವಿಲ್ಲ. ಮೀನು, ಬಟಾಣಿ, ಆಲೂಗಡ್ಡೆ. ಬೆಳಗಿನ ಪೂಜೆ ಮುಗಿಸಿ ಬಂದ ಊರೆಲ್ಲ ಅಲ್ಲೇ. ಎಲ್ಲರ ಹಣೆಯಲ್ಲೂ ಬೂದಿಯ ಶಿಲುಬೆ. ನನ್ನ ಹಣೆಯಲ್ಲೂ. ಕ್ಲಿಫರ್ಡ್ ಹಣೆ ಖಾಲಿ. ಅವನು ಇಂಗ್ಲೆಂಡಿನವನು, ಅವನ ಚರ್ಚೇ ಬೇರೆ. ಯಾರೋ ಛೇಡಿಸಿದರು. "ನನ್ ಬೂದಿ ಎಲ್ಲಾ ಒಲೇಲಿದೆ, ಬೇಕಾದ್ರೆ ಬಳ್ಕೊಂಡು ಹೋಗು," ಅಂದ.

ಮುದುಕಿಯ ಹಣೆಯೂ ಖಾಲಿ. ಒರೆಸಿಕೊಂಡ ಗುರುತೂ ಇಲ್ಲ.

ಇವಳು ಇಂಗ್ಲೆಂಡಿನವಳಲ್ಲ. ಮಾತು ಅಪ್ಪಟ ಈ ಊರಿನದೇ. ನೋರೀನ್ ಟೀ ಸುರಿಯುತ್ತಿದ್ದಾಗ ಮೆಲ್ಲಗೆ ಕೇಳಿದೆ.

"ಅವ್ರು ಚರ್ಚಿಗೆ ಹೋಗಲ್ವಾ?"

"ಯಾರು, ಡೆಲಿಯಾನಾ?" ಕೆಟಲ್ ಎತ್ತಿಕೊಂಡಳು. "ಕಸ್ಟರ್ಡ್ ಹಾಕ್ಲಾ ನಿನ್ ಟಾರ್ಟಿಗೆ?"

ಅಂದರೆ ಅವಳ ಹೆಸರು ಡೆಲಿಯಾ. ಅಂದರೆ ನೋರೀನ್‌ಗೆ ಏನೋ ಗೊತ್ತು.

ಸಂಜೆ ಫಿಂಟನ್‌ನ ಹಿಂದೆ ಬಿದ್ದೆ. ಅವನು ಇಲ್ಲೇ ಹುಟ್ಟಿ ಬೆಳೆದವನು.

"ಡೆಲಿಯಾ ಹೆನಿಗನ್. ನಾನು ಚಿಕ್ಕೋನಿದ್ದಾಗಿಂದ್ಲೂ ಅದೇ ಟೇಬಲ್ಲು."

"ದೇವರ ಹೆಸರೇ ಎತ್ತಲ್ಲ ಅವ್ಳು. ಯಾಕೆ?"

ಬೂಟಿನ ಲೇಸು ಬಿಚ್ಚುತ್ತಿದ್ದ. ಬಿಚ್ಚುತ್ತಲೇ ಇದ್ದ.

"ಫಿಂಟನ್, ನಿನ್ನನ್ನೇ ಕೇಳ್ತಿರೋದು."

"ಅವ್ಳ ಪಾಡಿಗೆ ಅವ್ಳನ್ನ ಬಿಡು."

"ನನ್ ಮಗು ವಿಷಯ ಇದು."

"ಮಗೂಗೇನಾಗಿದೆ? ಚೆನ್ನಾಗಿದಾಳೆ. ನೀನು ಒಂದು ಗಂಟೆ ಮಲ್ಕೋ."

ಎಲ್ಲರಿಗೂ ಗೊತ್ತು. ಹೊರಗಿನಿಂದ ಬಂದವಳಿಗೆ ಹೇಳುವುದಿಲ್ಲ, ಅಷ್ಟೇ. ಮದುವೆಯಾಗಿ ಮೂರು ವರ್ಷವಾದರೂ ನಾನು 'ಫಿಂಟನ್‌ನ ಡಬ್ಲಿನ್ ಹುಡುಗಿ'.

ಫೆಬ್ರವರಿ 26, ಸೋಮವಾರ

ಬೇರೆ ಟೇಬಲಿಗೆ ಕೂತೆ. ಗಾಡಿ ಬಾಗಿಲಿಗೆ ಅಡ್ಡ ಬಂತು. ತಿನ್ನಲು ಬಂದವರೆಲ್ಲ ಹೊಟ್ಟೆ ಒಳಗೆಳೆದುಕೊಂಡು ದಾಟಬೇಕಾಯಿತು. ಬಾಗಿಲು ತೆರೆದಾಗಲೆಲ್ಲ ತಣ್ಣನೆ ಗಾಳಿ. ಮುದುಕಿ ಅಲ್ಲಿಂದ ನೋಡುತ್ತಿದ್ದಳು. ನನ್ನನ್ನಲ್ಲ.

ಹೊರಡುವಾಗ ಎದ್ದು ಬಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ನಿಂತಳು. "ಮಗೂಗೆ ಹುಷಾರಿರ್ಲಿಲ್ಲ ಅಂತ ನೋರೀನ್ ಹೇಳಿದ್ಲು. ಈಗ?"

"ಪರ್ವಾಗಿಲ್ಲ. ಮೈ ಒಂದೊಂದ್ಸಲ ಬಿಸಿ ಆಗತ್ತೆ."

"ಇಷ್ಟು ಚಿಕ್ಕ ಮಕ್ಳನ್ನ... ಈಸ್ಟರ್ ತನಕ ಯಾಕೆ ಕಾಯ್ತೀರಿ ಮಗಳೇ?"

ಗಾಡಿ ತಳ್ಳಿಕೊಂಡು ಬಂದೆ. ಅವಳಿಗೆ ಏನು ಬೇಕು? ಜ್ಞಾನಸ್ನಾನ ಆಗಿದೆಯೋ ಇಲ್ಲವೋ ಅಂತ ತಿಳಿದುಕೊಂಡು ಏನು ಮಾಡುತ್ತಾಳೆ? ಬೀಗ ಹಾಕಿದೆಯೋ ಇಲ್ಲವೋ ಅಂತ ಬಾಗಿಲು ಅಲ್ಲಾಡಿಸಿ ನೋಡುವವರ ಹಾಗೆ.

ಇದನ್ನು ಬರೆದು ಓದಿಕೊಂಡೆ. ನನ್ನ ಅಕ್ಷರವೇ. ನನ್ನದು ಅನ್ನಿಸಲಿಲ್ಲ.

ಫೆಬ್ರವರಿ 29, ಗುರುವಾರ

ಆದದ್ದನ್ನು ಆದ ಹಾಗೆ ಬರೆದಿಡಬೇಕು. ಆಮೇಲೆ ಯಾರೂ ನನಗೆ ನಿದ್ದೆಗೆಟ್ಟು ಭ್ರಮೆ ಅನ್ನಬಾರದು.

ದನದ ಸಂತೆ ದಿನ. ಹೋಟೆಲು ಕಿಕ್ಕಿರಿದಿತ್ತು. ಬೇರೆ ಜಾಗವಿಲ್ಲದೆ ಒಲೆ ಪಕ್ಕಕ್ಕೇ ಹೋದೆ. ನೆಸ್ಸಾ ಬೆಳಗಿನಿಂದ ಮತ್ತೆ ಬೆಚ್ಚಗಿದ್ದಳು. ನೋರೀನ್ ಕೆನ್ನೆ ಮುಟ್ಟಿ ನೋಡಿ "ಮತ್ತೆ ಸುಡ್ತಿದೆಯಲ್ಲೇ" ಅಂದಳು. ಮುದುಕಿ ಕೇಳಿಸಿಕೊಂಡಳು. ಕುರಿಮಾಂಸದ ಸ್ಟ್ಯೂ ಬಂತು. ಬಾತ್‌ರೂಮಿಗೆ ಹೋಗಲೇಬೇಕಿತ್ತು. ಮಗುವನ್ನು ನೋಡಿಕೋ ಅಂತ ನೋರೀನ್‌ಗೆ ಕಣ್ಸನ್ನೆ ಮಾಡಿದೆ, ಅವಳೂ ತಲೆ ಆಡಿಸಿದಳು. ಹೋಗಿ ಬಂದೆ. ಎಷ್ಟು ಹೊತ್ತು? ಕೈ ತೊಳೆಯುವಷ್ಟು ಹೊತ್ತು.

ನೋರೀನ್ ದೂರದಲ್ಲಿ ಯಾರಿಗೋ ತಟ್ಟೆ ಇಡುತ್ತಿದ್ದಳು. ಮುದುಕಿ ಗಾಡಿಯ ಮೇಲೆ ಪೂರ್ತಿ ಬಗ್ಗಿದ್ದಳು. ಎಡಗೈಯಲ್ಲಿ ಕುಡಿಯುವ ನೀರಿನ ಗ್ಲಾಸು. ಬಲಗೈ ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಸ್ಸಾಳ ಹಣೆ ಒದ್ದೆ, ಕೂದಲು ಒದ್ದೆ. ಮುದುಕಿಯ ಬಾಯಿ ತೆರೆದಿತ್ತು. ತುಟಿ ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ.

"ಏನ್ ಮಾಡ್ತಿದೀರಿ?" ಕಿರುಚಿದೆ ಅಂತ ಕಾಣುತ್ತದೆ. ಇಡೀ ಹೋಟೆಲು ತಿರುಗಿತು.

"ನೀರು... ನೀರು ಅಷ್ಟೇ ಕಣಮ್ಮ."

"ಏನು ಹಾಕಿದ್ರಿ ಅದ್ರಲ್ಲಿ? ಏನು ಅಂತಿದ್ರಿ ಅವ್ಳಿಗೆ?"

"ಏನೂ ಇಲ್ಲ. ಏನೂ ಅನ್ನೋಕಾಗ್ಲಿಲ್ಲ."

ಮಗುವನ್ನು ಎತ್ತಿಕೊಂಡೆ. ತಲೆಗೆ ಏರಿತ್ತು. "ಹೇಳಿ ಈಗ. ಎಲ್ಲರ ಎದುರಿಗೆ ಹೇಳಿ. ದೇವರು ಚೆನ್ನಾಗಿಟ್ಟಿರಲಿ ಅನ್ನಿ. ಒಂದು ಮಾತು ತಾನೆ? ಈ ಊರಲ್ಲಿ ನಾಯಿಗೂ ಹೇಳ್ತಾರೆ. ನೀವ್ಯಾಕೆ ಹೇಳಲ್ಲ?"

ಸಂತೆಯ ಗಂಡಸರು ಚಮಚ ಕೆಳಗಿಟ್ಟರು. "ಫಿಡೆಲ್ಮಾ," ಅಂತ ನನ್ನನ್ನು ಕರೆದಳು ನೋರೀನ್. "ಬೇಡ ಕಣೇ. ಸಾಕು."

"ಹೇಳ್ಲಿ ಅವ್ರು!"

ಮುದುಕಿ ಗ್ಲಾಸನ್ನು ಟೇಬಲಿನ ಮೇಲಿಟ್ಟಳು. ಚೆಲ್ಲದ ಹಾಗೆ, ನಿಧಾನವಾಗಿ. ಬೆರಳನ್ನು ಕೋಟಿಗೆ ಒರೆಸಿಕೊಂಡಳು.

"ಆ ಮಾತು ನನ್ ಹತ್ರ ಇಲ್ಲ ಮಗಳೇ."

ಹೊರಟುಹೋದಳು. ಸ್ಟ್ಯೂ ಮುಟ್ಟಿರಲಿಲ್ಲ. ದಾರಿಯಲ್ಲಿದ್ದ ಗಂಡಸರೆಲ್ಲ ಎದ್ದು ಜಾಗ ಬಿಟ್ಟರು. ಒಬ್ಬ ಟೋಪಿ ತೆಗೆದ. ಅವಳಿಗೆ. ನನಗೆ ಬೆನ್ನು.

ಹೇಳಲಿಲ್ಲ. ಊರೆಲ್ಲ ನೋಡಿತು. ಅವಳು ಹೇಳಲಿಲ್ಲ.

ಮಾರ್ಚ್ 1, ಶುಕ್ರವಾರ

ಫಿಂಟನ್‌ಗೆ ನಾನು ಹೇಳುವ ಮುಂಚೆಯೇ ಗೊತ್ತಾಗಿತ್ತು. ಬಾಗಿಲಲ್ಲೇ ನಿಂತು ಕೇಳಿದ. "ನೀನು ಡೆಲಿಯಾನ ಹಾಗೆ ಕೇಳಿದ್ಯಾ? ಎಲ್ಲರೆದುರಿಗೆ?"

"ನಿನ್ ಮಗಳ ಹಣೆ ಮೇಲೆ ಏನೋ ಸುರೀತಿದ್ಳು. ನೀನಾಗಿದ್ರೆ ಏನ್ ಮಾಡ್ತಿದ್ದೆ?"

ಕೂಗಾಡಿದ್ದರೆ ಚೆನ್ನಾಗಿತ್ತು. ಟೀ ಮಾಡಿ ನನ್ನ ಮುಂದಿಟ್ಟು ಹಿತ್ತಲಿಗೆ ಹೋಗಿ ಸೌದೆ ಒಡೆಯುತ್ತಾ ಕೂತ. ಸೌದೆ ಬೇಕಾದಷ್ಟಿದೆ ನಮ್ಮಲ್ಲಿ.

ಮಗುವಿಗೆ ಜ್ವರವಿಲ್ಲ. ಇವತ್ತು ಪೂರ್ತಿ ಇಳಿದಿದೆ. ಅದನ್ನೂ ಬರೆದಿಡುತ್ತೇನೆ. ಅದರಿಂದ ಏನು ಅರ್ಥ ಮಾಡಿಕೊಳ್ಳಬೇಕೋ ಗೊತ್ತಿಲ್ಲ.

ಮಾರ್ಚ್ 5

ಹೋಟೆಲಿಗೆ ಹೋಗುತ್ತಿಲ್ಲ. ಯಾವ ಮುಖ ಇಟ್ಟುಕೊಂಡು? ಅಥವಾ... ನಾನ್ಯಾಕೆ ತಲೆ ತಗ್ಗಿಸಬೇಕು?

ನೆಸ್ಸಾ ಹಗಲು ಮಲಗುತ್ತಿಲ್ಲ. ರೇಡಿಯೋ ಹಾಕಿದೆ. ಸಿಂಕಿನಲ್ಲಿ ತಟ್ಟೆಗಳನ್ನು ಬೇಕಂತಲೇ ಕುಕ್ಕಿದೆ. ಕ್ಲಿಫರ್ಡ್‌ನ ಹಾಗೆ ಕೂಗಿಯೂ ನೋಡಿದೆ, "ಎರಡು ಬೀಫು, ಗ್ರೇವಿ ಜಾಸ್ತಿ!" ಅವಳು ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಮತ್ತೆ ಶುರು ಮಾಡಿದಳು. ಇಬ್ಬರೂ ಅತ್ತೆವು.

ಮಾರ್ಚ್ 11, ಸೋಮವಾರ

ನೋರೀನ್ ಬಂದಿದ್ದಳು. ಊಟದ ಹೊತ್ತು ಮುಗಿಸಿ, ಏಪ್ರನ್ ಮೇಲೇ ಕೋಟು ಹಾಕಿಕೊಂಡು. ಕೈಯಲ್ಲಿ ತಟ್ಟೆ, ಮೇಲೆ ಮುಚ್ಚಿದ ಇನ್ನೊಂದು ತಟ್ಟೆ. ಬೇಕನ್ನು, ಎಲೆಕೋಸು.

"ಬೈಯಕ್ಕೆ ಬಂದ್ಯಾ?"

"ತಿನ್ಸೋಕೆ ಬಂದೆ. ಕೂತ್ಕೋ. ಮಗೂನ ಇಲ್ಲಿ ಕೊಡು. ಏನ್ ನೋಡ್ತೀಯಾ? ನಾನು ಹೇಳಿದೀನಿ, ದೇವರು ಚೆನ್ನಾಗಿಟ್ಟಿರಲಿ ದೇವರು ಚೆನ್ನಾಗಿಟ್ಟಿರಲಿ, ಎರಡ್ ಸಲ. ಈಗ ಕೊಡು."

ಕೊಟ್ಟೆ. ತಿಂದೆ. ನಾನು ತಿನ್ನುತ್ತಿದ್ದ ಹಾಗೆ ಅವಳು ಹೇಳಿದಳು, ನೆಸ್ಸಾಳನ್ನು ತೊಡೆಯ ಮೇಲೆ ತಟ್ಟುತ್ತಾ, ಬೇರೆ ಯಾರದೋ ಊರಿನ ಸುದ್ದಿ ಹೇಳುವವಳ ಹಾಗೆ.

"ಡೆಲಿಯಾಗೆ ಒಂದು ಹೆಣ್ಣು ಮಗು ಆಗಿತ್ತು. ನಾನಿನ್ನೂ ಹುಟ್ಟಿರ್ಲಿಲ್ಲ. ಸಂಜೆ ಹುಟ್ಟಿ ಬೆಳಗಾಗೋದ್ರೊಳಗೆ ಹೋಯ್ತು. ಪಾದ್ರಿ ಬರೋದು ತಡ ಆಯ್ತು. ಹಾಗಿದ್ದಾಗ ಮನೇಲಿದ್ದೋರು ಯಾರು ಬೇಕಾದ್ರೂ ನೀರು ಹಾಕ್ಬಹುದಲ್ಲ, ಚೂರು ನೀರು, ದೇವರ ಹೆಸರು ಹೇಳಿ ಎರಡು ಮಾತು. ಗಾಬರೀಲಿ ಸೂಲಗಿತ್ತಿಗೂ ಹೊಳೀಲಿಲ್ಲ, ಗಂಡನಿಗೂ ಹೊಳೀಲಿಲ್ಲ. ಡೆಲಿಯಾಗೆ ಹೊಳೀಲಿಲ್ಲ. ನೀರು ಬೀಳದ ಮಗು ಅಂತ ಚರ್ಚಿನ ಸ್ಮಶಾನಕ್ಕೆ ಸೇರಿಸ್ಲಿಲ್ಲ. ಸ್ವರ್ಗಕ್ಕೂ ಸೇರಲ್ಲ ಅಂದ್ರು. ಆಗ ಹಾಗೇ ಅಲ್ವಾ ಹೇಳ್ತಿದ್ದಿದ್ದು? ಗಂಡ ಒಂದು ಸಾಬೂನಿನ ಪೆಟ್ಟಿಗೇಲಿಟ್ಕೊಂಡು ಹೊಲದಾಚೆ ಎಲ್ಲೋ ಹೂತು ಬಂದ. ಅಂಥ ಮಕ್ಕಳನ್ನೆಲ್ಲ ಹೂಳ್ತಿದ್ದ ಜಾಗ ಒಂದಿತ್ತು. ಇಂಥ ಕಲ್ಲಿನ ಕೆಳಗೆ ಅಂತ ಇವ್ಳಿಗೆ ತೋರಿಸ್ಲೂ ಇಲ್ಲ. ತೋರಿಸದೇ ಸತ್ತ."

ನಾನು ತಿನ್ನುವುದು ನಿಲ್ಲಿಸಿದ್ದೆ.

"ತಿನ್ನು. ಅವತ್ತಿಂದ ಅವ್ಳು ಆ ಹೆಸರೆತ್ತಿಲ್ಲ. ಚರ್ಚಿನ ಬಾಗಿಲು ತುಳಿದಿಲ್ಲ. ನಾವ್ಯಾರೂ ಕೇಳಲ್ಲ. ನಮಗೆ ಮಕ್ಕಳಾದಾಗ ಎತ್ಕೊಂಡು ಹೋಗಿ ತೋರಿಸ್ತೀವಿ. ಚೆಂದ ಇದೆ ಅಂತಾಳೆ. ಅಷ್ಟೇ ಅನ್ನೋದು ಅವ್ಳು. ಮಿಕ್ಕಿದ್ದನ್ನ ನಾವೇ ಮನಸ್ಸಲ್ಲಿ ಹೇಳ್ಕೋತೀವಿ. ನನ್ನ ಮೂರು ಮಕ್ಕಳಿಗೂ ಹಾಗೇ ಆಗಿದ್ದು. ಊರಿನ ಅಭ್ಯಾಸ ಅದು."

"ನನಗ್ಯಾಕೆ ಯಾರೂ ಹೇಳ್ಲಿಲ್ಲ?"

"ಹೇಳೋ ವಿಷಯ ಅಂತ ಯಾರಿಗೂ ಅನ್ಸಿಲ್ಲ ಕಣೇ. ನಮಗೇ ಯಾರೂ ಹೇಳಿರ್ಲಿಲ್ಲ. ಹಾಗೇ ಗೊತ್ತಾಗಿತ್ತು."

"ಆ ನೀರು..."

"ಜ್ವರ ಸುಡ್ತಿದೆ ಅಂತ ಬಾಯಿ ಬಿಟ್ಟೋಳು ನಾನು. ಈಸ್ಟರ್ ತನಕ ಇಲ್ಲ ಅಂದೋಳು ನೀನು. ಅವ್ಳಿಗೆ ತಡ್ಕೊಳ್ಳೋಕಾಗ್ಲಿಲ್ಲ. ನೀರು ಹಾಕ್ಬಿಟ್ಳು. ಮಾತು ಬರ್ಲಿಲ್ಲ."

ತಟ್ಟೆ ತೊಳೆಯುತ್ತೇನೆ ಅಂದೆ. ಬೇಡ ಅಂದು ಹಾಗೇ ಕಿತ್ತುಕೊಂಡು ಹೋದಳು. ಬಾಗಿಲಲ್ಲಿ ತಿರುಗಿ ಅಂದಳು. "ಅವತ್ತಿಂದ ಅವ್ಳೂ ಬಂದಿಲ್ಲ. ಒಲೆ ಪಕ್ಕ ಖಾಲಿ."

ಮಾರ್ಚ್ 13, ಬುಧವಾರ

ನಾಚಿಕೆ ಬಂದಿದೆ. ಅನುಮಾನ ಹೋಗಿಲ್ಲ. ಎರಡೂ ಒಂದೇ ಎದೆಯಲ್ಲಿ ಇರಬಹುದು ಅಂತ ಗೊತ್ತಿರಲಿಲ್ಲ.

ದೃಷ್ಟಿಯ ಭಯ ಹೋಯಿತು ಸರಿ. ಈಗ ಬೇರೆ ಕಾಣುತ್ತಿದೆ. ಮಗು ಕಳೆದುಕೊಂಡವರ ಕೈ. ನೆಸ್ಸಾಳನ್ನು ನೋಡುವಾಗ ಅವರು ಯಾರನ್ನು ನೋಡುತ್ತಾರೆ? ಒಮ್ಮೆ ಎತ್ತಿಕೊಂಡರೆ ಇಳಿಸುತ್ತಾರೆಯೇ? ಛೀ. ಬರೆಯುವಾಗಲೇ ಅಸಹ್ಯ ಅನ್ನಿಸುತ್ತದೆ. ಆದರೆ ಹೊಡೆದು ಹಾಕುವುದಿಲ್ಲ. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು?

ಫಿಂಟನ್‌ಗೆ ಹೇಳಿದೆ, "ಈಸ್ಟರ್ ತನಕ ಬೇಡ. ನಿಮ್ಮಣ್ಣ ಆಮೇಲೆ ಬಂದು ಫೋಟೋ ನೋಡ್ಲಿ." ಯಾಕೆ ಅಂತ ಕೇಳಲಿಲ್ಲ. ಸೈಕಲ್ ಹತ್ತಿ ಪಾದ್ರಿಯ ಮನೆಗೆ ಹೋದ. ತಪಸ್ಸು ಕಾಲದಲ್ಲಿ ಮಾಡುವುದಿಲ್ಲ ಅಂದರಂತೆ ಮೊದಲು. ಇವನು ಏನು ಹೇಳಿದನೋ, ಒಪ್ಪಿದ್ದಾರೆ. ಇಪ್ಪತ್ತನಾಲ್ಕನೇ ತಾರೀಖು, ಭಾನುವಾರ.

ಬಂದವನು ನನ್ನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದ. ಹೊರಗಿನ ಚಳಿ ಅಂಗೈಯಲ್ಲಿ ಇನ್ನೂ ಇತ್ತು.

ಮಾರ್ಚ್ 19, ಮಂಗಳವಾರ

ಹೋದೆ. ಬಾಗಿಲು ತೆರೆದ ಕೂಡಲೇ ಕ್ಲಿಫರ್ಡ್ ಕಿಂಡಿಯಿಂದ "ಓಹೋ, ಚಿಕ್ಕ ಯಜಮಾನ್ತಿ ಬಂದ್ರು" ಅಂದ. ನೆಸ್ಸಾಗೆ ಹೇಳಿದ್ದು.

ಅವರು ಅಲ್ಲಿದ್ದರು. ಒಲೆ ಪಕ್ಕ. ನಿನ್ನೆಯಿಂದ ಮತ್ತೆ ಬರುತ್ತಿದ್ದಾರಂತೆ. ಬೂದು ಕೋಟು, ಗುಂಡಿ ಕತ್ತಿನವರೆಗೂ.

ಗಾಡಿ ನಿಲ್ಲಿಸಿದೆ. ಮನೆಯಿಂದ ಒಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ಅದನ್ನು ಆಡುವ ಮುಂಚೆಯೇ ಅವರೇ ಕುರ್ಚಿಯನ್ನು ಸ್ವಲ್ಪ ಸರಿಸಿಕೊಂಡು ಗಾಡಿಗೆ ಜಾಗ ಮಾಡಿದರು.

"ಇವತ್ತು ಪೈ. ಕ್ಲಿಫರ್ಡ್ ಮಾಡಿದ್ದು. ಮೇಲಿಂದ ತಿನ್ನು, ಅಡೀಗೆ ಹೋಗ್ಬೇಡ."

"ಕೇಳಿಸ್ತು!" ಅಂತ ಕಿಂಡಿಯಿಂದ.

"ಕೇಳಿಸ್ಲಿ ಅಂತ್ಲೇ ಹೇಳಿದ್ದು."

ಕೂತೆ. ಪೈ ಬಂತು. ಅಡಿ ನಿಜವಾಗಿಯೂ ಹಸಿಹಸಿಯಾಗಿತ್ತು. ಇಬ್ಬರೂ ಮೇಲಿನದನ್ನು ತಿಂದೆವು.

"ಭಾನುವಾರ ನೀರು ಹಾಕಿಸ್ತೀವಿ," ಅಂದೆ. "ಬರೋ ಭಾನುವಾರ."

ಅವರ ಫೋರ್ಕು ನಿಂತಿತು. ಮುಖದಲ್ಲಿ ಏನಾಯಿತೋ ಬರೆಯಲು ಬರುವುದಿಲ್ಲ. ಏನೋ ಕಳಚಿಕೊಂಡ ಹಾಗೆ ಭುಜ ಮಾತ್ರ ಸ್ವಲ್ಪ ಇಳಿಯಿತು.

"ಚರ್ಚಿಗೆ ಬನ್ನಿ ಅಂತ ಕರೆಯಲ್ಲ. ಆಮೇಲೆ ಊಟ ಇಲ್ಲೇ. ನೋರೀನ್ ಬಾಗಿಲು ತೆಗೀತಾಳೆ. ಊಟಕ್ಕೆ ಬನ್ನಿ ಮಿಸೆಸ್ ಹೆನಿಗನ್."

"ಭಾನುವಾರಾನೂ ಇವ್ನ ಪೈ ತಿನ್ಬೇಕಾ?" ಅಂದರು. ಬರುತ್ತಾರೆ.

ನೆಸ್ಸಾ ಎದ್ದಳು. ಎತ್ತಿಕೊಂಡೆ, ಅತ್ತಳು. ಭುಜ ಬದಲಿಸಿದೆ, ಅತ್ತಳು. ಅವರು ಕೈ ಚಾಚಲಿಲ್ಲ. ಟೇಬಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು, ಯಾರೋ ಕಟ್ಟಿಹಾಕಿದ ಹಾಗೆ. ನೋರೀನ್ ದೂರದಿಂದ ನೋಡುತ್ತಿದ್ದಳು. ಎಲ್ಲರೂ ನೋಡದ ಹಾಗೆ ನೋಡುತ್ತಿದ್ದರು.

ಕೊಟ್ಟೆ.

ತೋಳಿನ ಮೇಲೆ ತೆಗೆದುಕೊಂಡ ರೀತಿ... ಮರೆತಿರಲಿಲ್ಲ ಆ ತೋಳು. "ಚೆಂದ ಇದಾಳೆ," ಅಂದರು. ನಿಲ್ಲಿಸಿದರು. ಮಿಕ್ಕಿದ್ದನ್ನು ನಾನು ಮನಸ್ಸಿನಲ್ಲಿ ಹೇಳಿಕೊಂಡೆ. ಪಕ್ಕದ ಟೇಬಲಿನ ವ್ಯಾಪಾರಿಯ ತುಟಿಯೂ ಅಲ್ಲಾಡಿತು, ಕಂಡೆ.

ಆಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿದೆ. ನಿದ್ದೆಗಲ್ಲ. ನೋಡಲಿಕ್ಕೆ. ನಾನು ಮಲಗಿದ್ದೇನೆ ಅಂದುಕೊಂಡರೆ ಏನು ಮಾಡುತ್ತಾರೆ ನೋಡೋಣ ಅಂತ. ಹೌದು, ಆಗಲೂ. ರೆಪ್ಪೆಯ ಸಂದಿಯಿಂದ ಕಂಡಿದ್ದು ಇಷ್ಟು. ನೆಸ್ಸಾಳ ಕಾಲುಚೀಲ ಸರಿಮಾಡಿದರು. ಅವಳ ಮುಷ್ಟಿಯೊಳಗೆ ತಮ್ಮ ಬೆರಳು ತೂರಿಸಿದರು. ತಲೆ ಬಗ್ಗಿಸಿ ಕಿವಿಯ ಹತ್ತಿರ ಏನೋ ಹೇಳತೊಡಗಿದರು. ಬರೀ ತುಟಿಯಲ್ಲ, ಈ ಸಲ ಸದ್ದೂ ಇತ್ತು. ಅಷ್ಟರಲ್ಲಿ ಕ್ಲಿಫರ್ಡ್ ಪಾತ್ರೆ ತೊಳೆಯಲು ಶುರು ಮಾಡಿದ. ಕಿವಿಗೊಟ್ಟೆ. ಒಲೆಯ ಕಾವು. ಇನ್ನೊಂದು ಚೂರು ಮುಂದೆ ಬಾಗಿದರೆ ಕೇಳಿಸುತ್ತದೆ ಅಂದುಕೊಂಡಿದ್ದು ನೆನಪು...

ಎಚ್ಚರವಾದಾಗ ಕುರ್ಚಿಗಳೆಲ್ಲ ಟೇಬಲುಗಳ ಮೇಲೆ ಬೋರಲು. ನೋರೀನಳ ಕೋಟು ನನ್ನ ಮೇಲೆ. ಕಿಟಕಿಯಾಚೆ ದೀಪ ಹತ್ತಿತ್ತು. ತಟ್ಟನೆ ತಿರುಗಿದೆ. ಅವರು ಅಲ್ಲೇ ಇದ್ದರು, ಅದೇ ಕುರ್ಚಿ, ಅದೇ ತೋಳಿನ ಮೇಲೆ ನೆಸ್ಸಾ, ಗಾಢ ನಿದ್ದೆ. ಅವರ ಟೀ ಕುಡಿಯದೇ ಕೆನೆಗಟ್ಟಿತ್ತು.

"ಕೈ ಮರಗಟ್ಟಿದೆ ಕಣಮ್ಮ. ತಗೋ ನಿನ್ನದನ್ನ."

ತೆಗೆದುಕೊಂಡೆ. ಕೇಳಬಾರದಿತ್ತು. ಕೇಳಿದೆ. "ಏನ್ ಹೇಳ್ತಿದ್ರಿ ಅವ್ಳಿಗೆ?"

"ಯಾವಾಗ?"

"ಆಗ. ಕಿವೀಲಿ."

ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಎಲ್ಲ ಹಾಕಿದ್ದವು. "ಅದು ನಮ್ಮಿಬ್ಬರ ಮಾತು," ಅಂದರು.

ಫಿಂಟನ್ ಬಂದಿದ್ದಾನೆ, ಕೆಳಗೆ ಬ್ರೆಡ್ಡು ಕತ್ತರಿಸುತ್ತಿದ್ದಾನೆ. ನೆಸ್ಸಾ ತೊಟ್ಟಿಲಲ್ಲಿ ಎಚ್ಚರವಾಗಿದ್ದಾಳೆ. ಅಳುತ್ತಿಲ್ಲ. ನನ್ನನ್ನೇ ನೋಡುತ್ತಿದ್ದಾಳೆ. ಇವಳು ಹುಟ್ಟಿದಾಗಿನಿಂದ ಇವಳ ಪ್ರತಿ ಉಸಿರೂ ನನಗೆ ಗೊತ್ತು. ಇವತ್ತು ಮಧ್ಯಾಹ್ನದ್ದು ಗೊತ್ತಿಲ್ಲ. ಇವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಕೇಳಿದರೆ ಹೇಳುವ ವಯಸ್ಸಲ್ಲ. ಹೇಳುವ ವಯಸ್ಸು ಬರುವ ಹೊತ್ತಿಗೆ ಮರೆತಿರುತ್ತಾಳೆ.